ಕಂಪ್ಯೂಟರ್ ತೋರಿಸಿದ ಮನೆ

ಪೊಲೀಸರ ಹೆಂಡತಿಯಾದ ಮೇಲೆ ಅನುಮಾನ ನನಗೂ ಅಂಟಿತೋ ಏನೋ. ನಮ್ಮವರು ಹೆಡ್ ಕಾನ್‌ಸ್ಟೆಬಲ್. ಮಂಗಳವಾರ, ಶುಕ್ರವಾರ ಸಾಂಬ್ರಾಣಿ ಎಂಬ ಹಳ್ಳಿಯ ಕಡೆಯ ಬೀಟ್ ಮುಗಿಸಿ ಬಂದಾಗ ಮಾತ್ರ ಮನೆಯಲ್ಲಿ ಚಹಾ ಬೇಡ ಎನ್ನುತ್ತಿದ್ದರು. ಒಂದು ದಿನ ಅವರ ಪ್ಯಾಂಟಿನ ಮೊಣಕಾಲಿಗೆ ಗುಲಾಬಿ ದಾರದ ತುಂಡು ಅಂಟಿತ್ತು. ನಮ್ಮ ಮನೆಯಲ್ಲಿ ಗುಲಾಬಿ ದಾರವೇ ಇಲ್ಲ.

ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಮೆಲುದನಿಯಲ್ಲೇ ಕೇಳಿದೆ. ಅವರು ಮುಚ್ಚಿಡಲಿಲ್ಲ. ದಾರವೂ ಚಹಾವೂ ಬ್ಲೌಸ್ ಹೊಲಿಯುವ ಹೆಂಗಸಿನ ಮನೆಯವಂತೆ; ಅವಳು, ಅವಳ ತಮ್ಮ, ಇಬ್ಬರೇ.

"ವಾರಕ್ಕ ಎರಡ ಸಲ ಅಲ್ಲೇನ್ ಕೆಲಸರಿ?"

"ಹೊಸಾ ಸಾಫ್ಟ್‌ವೇರ್ ಬಂದೈತಿ. ಯಾರ ಮನ್ಯಾಗ ಮುಂದ ಕಳ್ಳ ಹುಟ್ಟತಾನ ಅಂತ ಮೊದಲ ಹೇಳತೈತಿ. ಅದು ತೋರಿಸಿದ ಮನಿಗೆ ಹೋಗಿ ಫೋಟೋ ತಗದು ಕಳಸಬೇಕು."

"ಭಾಳ ಶಾಣ್ಯಾ ಐತಿ ಬಿಡ್ರಿ. ಚಹಾ ಚೊಲೊ ಮಾಡು ಮನೀನ ಹುಡುಕೇತಿ."

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ವಾರ ಬ್ಲೌಸ್ ಬಟ್ಟೆ ಹಿಡಿದು, ಯಾರೆಂದು ಹೇಳದೆ ನಾನೇ ಹೋದೆ. ನನಗಿಂತ ಚಿಕ್ಕವಳು. ನೀಳ ಕುತ್ತಿಗೆ. ಮೆಷಿನ್ನಿನ ಪಕ್ಕದ ಕುರ್ಚಿಗೆ ಒಗೆದ ಟವೆಲ್ ಹಾಸಿತ್ತು.

"ಅಲ್ಲಿ ಬ್ಯಾಡ್ರಿ ಅಕ್ಕಾರ, ಸಾಹೇಬ್ರು ಬರ್ತಾರ," ಎಂದು ನನಗೆ ಮಣೆ ಹಾಕಿದಳು. ಮಣೆಯ ಮೇಲೆ ಕೂತು ಆ ಟವೆಲನ್ನೇ ನೋಡಿದೆ.

ಅಳತೆ ತೆಗೆಯುತ್ತಲೇ ಹೇಳಿದಳು. ತಮ್ಮನನ್ನು ಹಿಂದೊಮ್ಮೆ ಕಬ್ಬಿಣ ಕಳವಿನ ಕೇಸಿನಲ್ಲಿ ಹಿಡಿದಿದ್ದರು. ಅವನು ಮಾಡಿಲ್ಲವೆಂದು ಕೋರ್ಟು ಬಿಟ್ಟಿತ್ತು.

"ಕೋರ್ಟ್ ಬಿಟ್ರೂ ಕಂಪ್ಯೂಟರ್ ಬಿಡವಲ್ದ್ರಿ. ಬಾಗಲಾಗ ಪೊಲೀಸ್ ಗಾಡಿ ನಿಂತ್ರ ಹೊಲ್ಸಾಕ ಯಾರ್ ಬರ್ತಾರ್ರಿ? ಈ ತಿಂಗಳ ನೀವ ಮೊದಲನೇವ್ರು."

ಹಾಗೆನ್ನುತ್ತ ಟೇಪನ್ನು ನನ್ನ ತೋಳಿಗೆ ಸುತ್ತಿದಳು. ಆಗಲೂ ನಾನು ನೋಡುತ್ತಿದ್ದುದು ಅವಳ ಬಳೆಗಳನ್ನು, ಹೊಸವೋ ಹಳೆಯವೋ ಎಂದು.

ಸಂಜೆ ನಮ್ಮವರನ್ನು ಕೇಳಿದೆ, ಆ ಹುಡುಗ ಎಂಥವನೆಂದು.

"ಪಾಪದಾಂವ. ಆದ್ರ ಹಂಗಂತ ಬರಿಯಾಕ ಅದರಾಗ ಜಾಗಾನ ಇಲ್ಲ. ನಾ ಹೋದಾಗೆಲ್ಲಾ ಒಂದ ಎಂಟ್ರಿ. ಎಂಟ್ರಿ ಹೆಚ್ಚಾದಷ್ಟು ಆ ಮನಿ ಪಟ್ಟಿಯೊಳಗ ಮ್ಯಾಲ ಏರತೈತಿ."

ಹಾಗಾದರೆ ದೊಡ್ಡ ಸಾಹೇಬರಿಗೆ ಕಾಗದ ಬರೆದು ಆ ಮನೆಯನ್ನು ಪಟ್ಟಿಯಿಂದ ತೆಗೆಸಿರಿ ಎನ್ನಬಹುದಿತ್ತು. ನನ್ನ ಮಾತು ಅವರು ತೆಗೆದುಹಾಕುವವರಲ್ಲ. ಆದರೆ ನಾನು ಕೇಳಿದ್ದು ಬೇರೆ: "ನೀವು ಬೀಟ್ ಬದಲಿ ಮಾಡಿಸ್ಕೊಳ್ರಿ."

ಮಾಡಿಸಿಕೊಂಡರು.

ಎರಡು ತಿಂಗಳ ಮೇಲೆ ಹಳಿಯಾಳದ ಸಂತೆಯಲ್ಲಿ ಅವಳು ಸಿಕ್ಕಳು. ಸೊರಗಿದ್ದಳು, ಅಷ್ಟಾದರೂ ಕುತ್ತಿಗೆ ಚೆಂದವಾಗಿಯೇ ಇತ್ತು.

"ಈಗ ಬರಾವ್ರು ಒಳಗ ಬರಂಗಿಲ್ರಿ ಅಕ್ಕಾರ. ಓಣ್ಯಾಗ ನಿಂತು ತಮ್ಮನ ಹೆಸರ ಹಿಡದು ಒದರತಾರ. ಮೊದಲಿನ ಸಾಹೇಬ್ರು ಮನಷ್ಯಾ ಇದ್ರು. ಅವರ ಗುರ್ತಿನವ್ರು ಯಾರರ ಸಿಕ್ರ, ಒಂದ ಮಾತ ಹೇಳ್ರಿ."

ಹೇಳುತ್ತೇನೆ ಎಂದು ತಲೆಯಾಡಿಸಿದೆ. ಇನ್ನೂ ಹೇಳಿಲ್ಲ.