ಅಕ್ಕನ ಬ್ಯಾಟರಿ ಟೈಪ್‌ರೈಟರ್

ಇವತ್ತು ಕಪಾಟು ಸ್ವಚ್ಛ ಮಾಡುವಾಗ ಒಂದು ಹಳೆಯ ಟೈಪ್‌ರೈಟರ್ ರಿಬ್ಬನ್ ಸಿಕ್ಕಿತು. ಅದರ ಇಂಕಿನ ವಾಸನೆ ನನ್ನನ್ನು ನೇರವಾಗಿ ಸುರೇಬಾನದ ನಮ್ಮ ಪಡಸಾಲೆಗೆ ಕರೆದೊಯ್ದಿತು.

ರಾಮದುರ್ಗದ ಕಾಲೇಜಿಗೆ ಹೋಗುತ್ತಿದ್ದ ಅಕ್ಕನಿಗೆ ಮುಂಬೈಯ ಸೋದರಮಾವ ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಟೈಪ್‌ರೈಟರ್ ತಂದುಕೊಟ್ಟಿದ್ದರು. ಅದಕ್ಕೆ ಸೂಟ್‌ಕೇಸಿನಂಥ ಹಿಡಿಕೆ ಇತ್ತು. ಒತ್ತಿದ ಅಕ್ಷರ ಮೊದಲು ಪುಟ್ಟ ಗಾಜಿನ ಪಟ್ಟಿಯಲ್ಲಿ ಮೂಡಿ, ಆಮೇಲೆ ಕಾಗದಕ್ಕೆ ಇಳಿಯುತ್ತಿತ್ತು. ಅಪ್ಪ ಅದನ್ನು ಮುಟ್ಟುವ ಮೊದಲು ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು.

ಆ ವರ್ಷ ಬೆಳಗಿನ ಬಸ್ಸು ನಿಂತುಹೋಯಿತು. ಊರಿನ ಆರು ಹುಡುಗಿಯರ ಕಾಲೇಜೂ ನಿಲ್ಲುವ ಹಾಗಾಯಿತು. ಹಿರಿಯರು ಕೈಯಲ್ಲಿ ಬರೆದ ಅರ್ಜಿಗಳಿಗೆ ಬಸ್ ಡಿಪೋದಿಂದ ಉತ್ತರವೇ ಬರಲಿಲ್ಲ. ಅಕ್ಕ ಇಂಗ್ಲಿಷಿನಲ್ಲಿ ಒಂದು ಪುಟದ ಅರ್ಜಿ ಟೈಪ್ ಮಾಡಿ, ಆರೂ ಹುಡುಗಿಯರ ಸಹಿ ಹಾಕಿಸಿ, ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಡಿಪೋಗೆ ಹೋದಳು.

ಡಿಪೋದ ಸಾಹೇಬರು ಅದನ್ನು ಓದಿ ಅಪ್ಪನನ್ನು ಕೇಳಿದರು: “ಯಾವ ವಕೀಲರ ಕಡೆ ಬರಿಸೀರಿ?”

ಅಪ್ಪ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: “ನಾನೇ ಬರದೇನ್ರಿ. ಉತ್ತರಾನೂ ಕಾಗದದಾಗ ಕೊಡ್ರಿ. ಅಲ್ಲೀತನಕ ಇಲ್ಲೇ ಕುಂತಿರತೇನಿ.”

ಸಂಜೆಯವರೆಗೆ ಕುಳಿತೆವು. ಕಾಗದ ಸಿಕ್ಕಿತು. ಸೋಮವಾರ ಬಸ್ಸು ಬಂತು.

ಈಗಷ್ಟೇ ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ನೆನಪಿಸಿದೆ. “ಆ ಅರ್ಜಿಯಾಗ ಎರಡು ಸ್ಪೆಲಿಂಗ್ ತಪ್ಪಿದ್ವು. ಸಾಹೇಬ್ರಿಗೂ ಗೊತ್ತಾಗಲಿಲ್ಲ ನೋಡು!” ಎಂದು ಜೋರಾಗಿ ನಕ್ಕಳು.