ಮೂಗಿನಕ್ಕನ ಹನ್ನೆರಡು ಬಟ್ಟೆ ತುಂಡುಗಳು

ಬಾಗಿಲು ತೆರೆದರೂ ಮೂಗಿನಕ್ಕ ಒಳಗೆ ಕಾಲಿಡುವುದಿಲ್ಲ. ಹೊಸ್ತಿಲಾಚೆಯೇ ನಿಂತು, ಕಣ್ಣು ಮುಚ್ಚಿ, ಮೂರು ಸಲ ಸಣ್ಣಗೆ ಉಸಿರೆಳೆದುಕೊಳ್ಳುತ್ತಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಬೀದಿದೀಪಗಳು ಆರಿಲ್ಲ. ಬಾಗಿಲು ತೆರೆದ ಮನೆಯ ಸೊಸೆ ಮರ್ಯಾದೆಗೆಂದು "ಬನ್ನಿ ಅಕ್ಕ, ಒಂದು ಲೋಟ ಕಾಫಿ ಮಾಡ್ಲಾ?" ಎಂದು ಕೇಳುತ್ತಾರೆ.

"ಅಯ್ಯೋ, ಒಲೆ ಹಚ್ಚಿಬಿಟ್ಟೀಯಮ್ಮ! ಕಿಟಕಿ ತೆಗೆದಿಲ್ಲ ತಾನೆ? ಮುಖಕ್ಕೆ ಸೋಪು?"

"ಇಲ್ಲ ಅಕ್ಕ. ನೀವು ಹೇಳಿದ ಹಾಗೇ, ಎದ್ದವಳು ಎದ್ದ ಹಾಗೇ ಇದ್ದೀನಿ."

ಮೂಗಿನಕ್ಕನ ಮೊದಲ ನಿಯಮವೇ ಇದು. ಅವರು ಬಂದು ಹೋಗುವವರೆಗೆ ಮನೆಯಲ್ಲಿ ಯಾರೂ ಹಲ್ಲು ಕೂಡ ಉಜ್ಜುವಂತಿಲ್ಲ. "ರಾತ್ರಿಯಿಡೀ ಮುಚ್ಚಿದ ಮನೆ ಬೆಳಗಿನ ಜಾವಕ್ಕೆ ನಿಜ ಹೇಳುತ್ತೆ. ಒಂದು ಲೋಟ ಕಾಫಿ ಕುದಿಸಿದ್ರೆ ಮುಗೀತು, ಆಮೇಲೆ ಬಾಯೇ ಬಿಡಲ್ಲ" ಎನ್ನುತ್ತಾರೆ.

ಎಷ್ಟು ತೊಳೆದರೂ ಬಿಡದ ದುರ್ವಾಸನೆಯ ಮೂಲ ಹುಡುಕಿ ತೆಗೆಯುವುದು ಅವರ ಕೆಲಸ. ಈ ಮನೆಯವರು ನಾಲ್ಕು ತಿಂಗಳಿಂದ ಪಡಬಾರದ ಪಾಡು ಪಟ್ಟಿದ್ದಾರೆ. ಗೋಡೆಗೆ ಸುಣ್ಣ ಹೊಡೆಸಿದ್ದಾರೆ, ಹಾಸಿಗೆ ಎರಡು ಸಲ ಬದಲಾಯಿಸಿದ್ದಾರೆ, ಮೂಲೆ ಮೂಲೆಗೂ ನುಸಿಗುಳಿಗೆ ಇಟ್ಟಿದ್ದಾರೆ. ವಾಸನೆ ಇರುವುದು ಮಾವನವರ ಕೋಣೆಯಲ್ಲಿ. ಎಂಬತ್ತೆರಡರ ಈ ಅಜ್ಜ ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಸಂಸಾರ ಸಾಕಿದವರು. ಕೋಣೆಯ ವಾಸನೆ ಅವರ ಮೈಯಿಂದಲೇ ಬರುತ್ತಿದೆ ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದಾರೆ. ಸೋಮವಾರ ಅವರನ್ನು ಊರಾಚೆಯ ಆರೈಕೆ ಕೇಂದ್ರಕ್ಕೆ ಸೇರಿಸುವುದೆಂದು ನಿಶ್ಚಯವಾಗಿದೆ. ಇಂದು ಗುರುವಾರ. ಕೊನೆಯದಾಗಿ ಇದೊಂದು ಆಗಲಿ ಎಂದು ಸೊಸೆಯೇ ಮೂಗಿನಕ್ಕನಿಗೆ ಹೇಳಿಕಳಿಸಿದ್ದಾರೆ.

ಅಜ್ಜನಿಗೂ ವಿಷಯ ಗೊತ್ತು. ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಾರೆ. ಊಟದ ಮೇಜಿಗೆ ಬರುವುದನ್ನು ತಾವಾಗಿಯೇ ಬಿಟ್ಟು, ತಟ್ಟೆಯನ್ನು ಕೋಣೆಗೇ ತರಿಸಿಕೊಳ್ಳುತ್ತಾರೆ. ಯಾರಾದರೂ ಹತ್ತಿರ ಬಂದರೆ ಗೋಡೆಯ ಕಡೆ ಸರಿದು ಕೂರುತ್ತಾರೆ.

ಮೂಗಿನಕ್ಕ ಹಿಂದಿನ ಸಂಜೆಯೇ ಒಮ್ಮೆ ಬಂದು, ಅಂಗೈಯಗಲದ ಹನ್ನೆರಡು ಬಿಳಿ ಹತ್ತಿ ಬಟ್ಟೆಗಳನ್ನು ಮನೆಯ ಹನ್ನೆರಡು ಕಡೆ ಇಟ್ಟು ಹೋಗಿದ್ದರು. ಬರೀ ನೀರಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿದ ಬಟ್ಟೆಗಳು. ಒಂದರ ಅಂಚಿನ ದಾರಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಹೀಗೆ ಹನ್ನೆರಡರವರೆಗೆ. ಈಗ ಒಂದೊಂದನ್ನೇ ಎತ್ತಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿಕೊಳ್ಳುತ್ತಾರೆ. ಬಾಟಲಿಗಳನ್ನು ಚೀಲದಲ್ಲಿ ಅದಲುಬದಲು ಮಾಡಿ, ಹೊರಗೆ ಮೆಟ್ಟಿಲ ಮೇಲೆ ಕೂತು, ಕಣ್ಣು ಮುಚ್ಚಿ ಒಂದೊಂದರ ಮುಚ್ಚಳ ತೆಗೆದು ಮೂಸುತ್ತಾರೆ. ನಾಲ್ಕಾದ ಮೇಲೆ ಸುಮ್ಮನೆ ಕೂರುತ್ತಾರೆ. "ಮೂಗು ಬೇಗ ಸೋಲುತ್ತೆ. ಅದಕ್ಕೂ ಬಿಡುವು ಕೊಡಬೇಕು." ಯಾವ ಬಟ್ಟೆ ಎಲ್ಲಿಯದು ಎಂದು ಗಂಟು ಎಣಿಸುವುದು ಕಟ್ಟಕಡೆಗೆ.

ಮೂಸುವ ಈ ವಿದ್ಯೆ ಅವರಿಗೆ ಬಂದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಹತ್ತೊಂಬತ್ತು ವರ್ಷ ಹಾಸಿಗೆ ಹೊದಿಕೆಗಳನ್ನು ವಿಂಗಡಿಸಿದವರು ಅವರು. ರಕ್ತದ್ದು, ಔಷಧದ್ದು, ಒಡೆದ ಹಾಲಿನದ್ದು ಎಂದು ಮೂಟೆ ಬಿಚ್ಚುವ ಮುಂಚೆಯೇ ಹೇಳುತ್ತಿದ್ದರು. ದೊಡ್ಡ ಯಂತ್ರ ಬಂದ ವರ್ಷ ಕೆಲಸ ಹೋಯಿತು. ವಾರ ಕಳೆಯುವಷ್ಟರಲ್ಲಿ ಹಳೆಯ ಮೇಲ್ವಿಚಾರಕಿ, "ನಮ್ಮನೇಲಿ ಏನೋ ಸತ್ತಿದೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ, ಬಂದು ಹೋಗೇ" ಎಂದು ಕರೆದರು. ಫ್ರಿಜ್ಜಿನ ಹಿಂದೆ ನೀರು ಸೇರುವ ತಟ್ಟೆಯಲ್ಲಿ ಸತ್ತ ಇಲಿ ಸಿಕ್ಕಿತು. ಅಲ್ಲಿಂದ ಶುರುವಾದದ್ದಕ್ಕೆ ಈಗ ಹದಿನಾಲ್ಕು ವರ್ಷ.

ತಿಂಗಳಿಗೆ ಎಂಟೋ ಹತ್ತೋ ಮನೆ. ಒಂದೊಂದಕ್ಕೂ ಮೂರು ಭೇಟಿ: ಬಟ್ಟೆ ಇಡಲು ಒಂದು ಸಂಜೆ, ಹುಡುಕಲು ಒಂದು ಬೆಳಗು, ವಾಸನೆ ನಿಜಕ್ಕೂ ಹೋಯಿತೇ ಎಂದು ನೋಡಲು ಮೂರು ದಿನ ಬಿಟ್ಟು ಇನ್ನೊಂದು ಬೆಳಗು. ಬೀರುವಿನ ಹಿಂದೆ ಕೊಳೆತ ಆಲೂಗಡ್ಡೆ, ಸೋಫಾದೊಳಗೆ ಇಂಗಿದ ಹಾಲು, ಹೀಗೆ ಸಿಗುವುದೆಲ್ಲ ಸಣ್ಣಪುಟ್ಟದ್ದೇ. ಒಂದು ಮನೆಯವರು ಪಕ್ಕದ ಮನೆಯ ಮೀನಿನ ವಾಸನೆ ಎಂದು ಜಗಳ ಕಾಯುತ್ತಿದ್ದರು. ಮೂಗಿನಕ್ಕ ಮೂಸಿ ನೋಡಿ, ಮೊದಲು ಕರೆಂಟಿನವನನ್ನು ಕರೆಸಿ ಎಂದರು. ಗೋಡೆಯೊಳಗೆ ಸ್ವಿಚ್ಚಿನ ಪ್ಲಾಸ್ಟಿಕ್ ಪೆಟ್ಟಿಗೆ ಬಿಸಿಗೆ ಕರಗಿ ಮೀನಿನಂತೆ ನಾರುತ್ತಿತ್ತು.

ಇಷ್ಟೆಲ್ಲ ಆದರೂ ಹೆಸರು ಹೇಳಿ ಹೊಗಳುವವರು ಯಾರೂ ಇಲ್ಲ. ತಮ್ಮ ಮನೆ ನಾರುತ್ತಿತ್ತು ಎಂದು ಯಾರು ತಾನೇ ಡಂಗುರ ಸಾರಿಯಾರು? ಹಿತ್ತಲ ಬಾಗಿಲಿಂದ ಬನ್ನಿ, ಯಾರಾದರೂ ಕೇಳಿದರೆ ದೂರದ ನೆಂಟರು ಅನ್ನಿ ಎಂದು ಕರೆಸಿದ ಮನೆಯವರು ಮೊದಲೇ ಹೇಳಿಕೊಟ್ಟಿರುತ್ತಾರೆ. ಕೆಲಸ ಮುಗಿದ ಮೇಲೆ ಅಂಗಡಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. "ನನಗೆ ನೆಂಟರು ಎಷ್ಟು ಜನ ಅಂತ ನನಗೇ ಲೆಕ್ಕ ಇಲ್ಲ" ಎಂದು ಮೂಗಿನಕ್ಕ ನಗುತ್ತಾರೆ. ಕೆಲಸಕ್ಕಾಗಿ ಅವರು ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ, ತಲೆಗೆ ಎಣ್ಣೆ ಹಚ್ಚುವುದಿಲ್ಲ. ನೆಗಡಿಯಾದರೆ ಆ ವಾರ ಮನೆಯಲ್ಲೇ. ಬಸ್ಸಿನ ವರ್ಕ್‌ಶಾಪಿನಲ್ಲಿರುವ ಗಂಡ ಗ್ರೀಸು ಮೆತ್ತಿಕೊಂಡು ಬಂದರೆ ಹಿತ್ತಲಲ್ಲೇ ಸ್ನಾನ. "ಪುಣ್ಯಾತ್ಮನಿಗೆ ಹುಟ್ಟಿದಾಗಿಂದ ಮೂಗು ಕಟ್ಟಿದೆ. ನನ್ನ ಮೂಗನ್ನ ದೇವರು ಅವರ ಪಾಲಿಂದಲೇ ಕಿತ್ತುಕೊಟ್ಟಿರಬೇಕು."

ನಗು ನಿಂತುಹೋಗುವುದು ಒಂದೇ ಒಂದು ಮನೆಯ ನೆನಪಾದಾಗ.

ಒಂಬತ್ತು ವರ್ಷದ ಹಿಂದಿನ ಮಾತು. ಆಗ ಬಟ್ಟೆಯೂ ಇರಲಿಲ್ಲ, ಗಂಟೂ ಇರಲಿಲ್ಲ. ನೇರ ಒಳಗೆ ಹೋಗಿ ಮೂಸಿ ಹೇಳಿಬಿಡುತ್ತಿದ್ದರು. ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯ ಕೋಣೆಗೆ ಹೋಗಿ, "ಮಂಚದಿಂದಲೇ ಬರ್ತಿದೆ" ಎಂದರು. ಸುಳ್ಳಲ್ಲ, ವಾಸನೆ ಅಲ್ಲೇ ಹೆಚ್ಚಾಗಿತ್ತು. ಮನೆಯವರು ಅಜ್ಜಿಯನ್ನು ಹಿಂದಿನ ಸಾಮಾನಿನ ಕೋಣೆಗೆ ಹಾಕಿದರು. ಹನ್ನೆರಡು ದಿನ ಕಳೆದರೂ ಬರಿದಾದ ಕೋಣೆಯ ವಾಸನೆ ಹೋಗಲಿಲ್ಲ. ಮತ್ತೆ ಕರೆಸಿದಾಗ ನೋಡಿದರೆ, ಮಂಚದ ತಲೆದೆಸೆಯ ಗೋಡೆಯೊಳಗೆ ಪಾಯಿಖಾನೆಯ ಕೊಳವೆ ಸೀಳಿಹೋಗಿತ್ತು.

ವಿಷಯ ಹೇಳಲೆಂದು ಮೂಗಿನಕ್ಕ ಹಿಂದಿನ ಕೋಣೆಗೆ ಹೋದರು. ಅಜ್ಜಿ ಸೆರಗನ್ನು ಮೈತುಂಬ ಬಿಗಿಯಾಗಿ ಹೊದ್ದು ಮಲಗಿದ್ದರು. ಒಳಗೆ ಬಂದವರನ್ನೆಲ್ಲ ಕೇಳುತ್ತಿದ್ದ ಮಾತನ್ನೇ ಇವರನ್ನೂ ಕೇಳಿದರು: "ನನ್ನಿಂದ ವಾಸನೆ ಬರ್ತಿದ್ಯಾ ಮಗಳೇ?"

ಅದನ್ನು ಮೂಗಿನಕ್ಕ ಈಗಲೂ ಹೀಗೆ ಹೇಳುತ್ತಾರೆ: "ಇಲ್ಲ ಅಜ್ಜಿ, ತಪ್ಪು ನಂದು ಅಂತ ಹೇಳೋಕೆ ಹೋದೋಳು, ನಾಚಿಕೆಯಾಗಿ ಚೀಲ ಎತ್ಕೊಂಡು ಬಂದ್ಬಿಟ್ಟೆ. ಎರಡು ತಿಂಗಳಿಗೆ ಅಲ್ಲೇ ತೀರ್ಕೊಂಡ್ರಂತೆ. ವಾಪಸ್ ಕೋಣೆಗೆ ಬನ್ನಿ ಅಂದ್ರೂ ಬರಲಿಲ್ಲವಂತೆ." ಬಟ್ಟೆ, ಬಾಟಲಿ, ಗಂಟು ಎಲ್ಲ ಹುಟ್ಟಿದ್ದು ಆಮೇಲೆ. ಯಾರದೆಂದು ಕಣ್ಣಿಗೆ ಮೊದಲೇ ಗೊತ್ತಾದರೆ ಮೂಗು ಕಣ್ಣಿನ ಮಾತನ್ನೇ ಆಡುತ್ತದೆ ಎಂಬುದು ಅವರು ಅಂದು ಕಲಿತ ಪಾಠ.

ಇವತ್ತು ಮೆಟ್ಟಿಲ ಮೇಲೆ ವಾಸನೆ ಹಿಡಿದ ಎರಡು ಬಾಟಲಿ ಪಕ್ಕಕ್ಕೆ ಬಂದಿವೆ. ಮೂಗಿನಕ್ಕ ಗಂಟು ಎಣಿಸುತ್ತಾರೆ. ಐದು, ಅಜ್ಜನ ಬಟ್ಟೆಯ ಬೀರು. ಏಳು, ಅಜ್ಜನ ದಿಂಬು. ಹಿಂದೆ ನಿಂತಿದ್ದ ಮಗ ನಿಟ್ಟುಸಿರು ಬಿಡುತ್ತಾರೆ. "ನೋಡಿ, ನಾವು ಹೇಳಿದ್ದೂ ಅದೇ ಅಲ್ವಾ? ನಮಗೂ ಇದು ಸಂತೋಷದ ವಿಷಯ ಅಲ್ಲ ಅಕ್ಕ."

"ಇರಿ ಸ್ವಾಮಿ, ಅವಸರ ಬೇಡ" ಎನ್ನುತ್ತಾರೆ ಮೂಗಿನಕ್ಕ. ಮಾಳಿಗೆಯ ತಂತಿಯ ಮೇಲೆ ನಿನ್ನೆ ಒಣಗಿದ ಅಜ್ಜನ ಅಂಗಿಯೊಂದನ್ನು ತರಿಸುತ್ತಾರೆ. ಅಜ್ಜನನ್ನು ಹೊರಗೆ ಕರೆತಂದು, ಅದನ್ನು ತೊಡಿಸಿ, ಗಾಳಿಯಲ್ಲಿ ಅರ್ಧ ಗಂಟೆ ಕೂರಿಸುತ್ತಾರೆ. ಆಮೇಲೆ ಹೆಗಲ ಹತ್ತಿರ ಬಗ್ಗಿ ಮೂಸುತ್ತಾರೆ. ಏನೂ ಇಲ್ಲ. ಬೀರುವಿನಲ್ಲಿ ಮಡಿಸಿಟ್ಟ, ಒಗೆದ ಮೇಲೆ ತೊಟ್ಟೇ ಇಲ್ಲದ ಅಂಗಿಯನ್ನು ಮೂಸಿದರೆ ಮಾತ್ರ ಮೂಗು ಮುಚ್ಚಿಕೊಳ್ಳಬೇಕು. ದಿಂಬನ್ನು ಹಗಲು ಇಡುವುದೂ ಆ ಬೀರುವಿನಲ್ಲೇ.

"ಈ ಬೀರು ಮೊದಲಿಂದ ಇಲ್ಲೇ ಇತ್ತಾ?"

ಸೊಸೆ ಒಂದು ಕ್ಷಣ ಯೋಚಿಸುತ್ತಾರೆ. "ಇಲ್ಲ. ಅದರ ಹಿಂದೆ ಮಾವನ ಬಚ್ಚಲಮನೆ ಬಾಗಿಲಿದೆ. ಐದು ತಿಂಗಳ ಹಿಂದೆ ಅಲ್ಲಿ ಜಾರಿ ಬಿದ್ರು. ಮತ್ತೆ ಅಲ್ಲಿಗೆ ಹೋಗದೇ ಇರಲಿ ಅಂತ ಬೀರು ಅಡ್ಡ ಇಟ್ವಿ. ಈಗ ಸ್ನಾನ ಎಲ್ಲ ನಮ್ಮ ಬಚ್ಚಲಲ್ಲೇ."

ಬೀರು ಸರಿಸಿ ಬಾಗಿಲು ತೆಗೆದಾಗ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೂಗಿನಕ್ಕ ಮಾತ್ರ ಮುಂದೆ ಹೋಗಿ, ನೆಲದ ಮೂಲೆಯ ಜಾಲರಿ ಎತ್ತಿ, ಟಾರ್ಚು ಹಾಕುತ್ತಾರೆ. ನೀರು ಹೋಗುವ ತೂತಿನ ಕೆಳಗೆ ಬಟ್ಟಲಿನಂಥ ಒಂದು ಬಾಗು ಇರುತ್ತದೆ. ಅದರಲ್ಲಿ ಸದಾ ನಿಲ್ಲುವ ನೀರೇ ಚರಂಡಿಯ ಗಾಳಿಗೆ ಮುಚ್ಚಳ. ಐದು ತಿಂಗಳು ಒಂದು ಹನಿ ಬೀಳದೆ ಆ ನೀರು ಪೂರ್ತಿ ಆರಿಹೋಗಿದೆ. ಬೀರುವಿನ ಬೆನ್ನಿನ ತೆಳು ಹಲಗೆಯನ್ನು ದಾಟಿ ವಾಸನೆ ಅಂಗಿಗಳಿಗೆ ಹತ್ತಿದೆ, ಅಂಗಿಗಳಿಂದ ಅಜ್ಜನ ಮೈಗೆ. ಬೀಳದಿರಲೆಂದು ಪ್ರೀತಿಯಿಂದ ಮುಚ್ಚಿದ ಬಾಗಿಲು ಅವರನ್ನು ಮನೆಯಿಂದಲೇ ಹೊರಗೆ ಹಾಕುವುದರಲ್ಲಿತ್ತು.

"ಎರಡು ಚೊಂಬು ನೀರು ತಗೊಂಡು ಬಾಮ್ಮ" ಎನ್ನುತ್ತಾರೆ ಮೂಗಿನಕ್ಕ. ರಿಪೇರಿಯೆಂದರೆ ಅಷ್ಟೇ. ಬಟ್ಟೆಗಳನ್ನೆಲ್ಲ ಒಗೆದು ಬಿಸಿಲಿಗೆ ಹಾಕಬೇಕು, ನುಸಿಗುಳಿಗೆ ಎಸೆಯಬೇಕು, ವಾರಕ್ಕೊಮ್ಮೆ ಆ ತೂತಿಗೆ ನೀರು ಹೊಯ್ಯಬೇಕು. ಚೊಂಬು ಹಿಡಿದ ಮಗ ನೀರು ಹೊಯ್ದವರು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ, ಬಹಳ ಹೊತ್ತು ಏಳುವುದಿಲ್ಲ.

ಮೂರು ದಿನ ಬಿಟ್ಟು, ಸೋಮವಾರ ಬೆಳಗಿನ ಜಾವ, ಮೂಗಿನಕ್ಕ ಮತ್ತೆ ಅದೇ ಹೊಸ್ತಿಲಲ್ಲಿ ನಿಲ್ಲುತ್ತಾರೆ. ಕೋಣೆಯಲ್ಲಿ ವಾಸನೆಯಿಲ್ಲ. ಅಜ್ಜ ಬರುವುದಿಲ್ಲ ಎಂದು ಮಗ ಆರೈಕೆ ಕೇಂದ್ರಕ್ಕೆ ತಿಳಿಸಿಯಾಗಿದೆ. ಊಟದ ಮೇಜಿನಲ್ಲಿ ಅಜ್ಜನ ಕುರ್ಚಿ ಹಳೆಯ ಜಾಗಕ್ಕೆ ಬಂದಿದೆ. ಆದರೆ ಅಜ್ಜ ಅದರಲ್ಲಿ ಕೂತಿಲ್ಲ. ಆಗಲೇ ಮೈಗೆಲ್ಲ ಸೋಪು ತಿಕ್ಕಿ ಸ್ನಾನ ಮುಗಿಸಿ, ಒದ್ದೆ ಕೂದಲಲ್ಲಿ ಬಾಗಿಲ ಸಂದಿಯಲ್ಲಿ ನಿಂತಿದ್ದಾರೆ. ಸೊಸೆ "ಬನ್ನಿ ಮಾವ, ಕೂತ್ಕೊಳ್ಳಿ, ನಮ್ಮದೇ ತಪ್ಪು" ಎಂದು ಅಂಗಲಾಚುತ್ತಿದ್ದರೂ ಕದಲುತ್ತಿಲ್ಲ.

ಮೂಗಿನಕ್ಕನನ್ನು ಕಂಡೊಡನೆ ದನಿ ತಗ್ಗಿಸಿ ಕೇಳುತ್ತಾರೆ: "ಇವರು ನನ್ನ ಸಮಾಧಾನಕ್ಕೆ ಹೇಳ್ತಾರೆ. ನೀನು ನಿಜ ಹೇಳಮ್ಮ. ನನ್ನಿಂದ ವಾಸನೆ ಬರ್ತಿದ್ಯಾ?"

ಒಂಬತ್ತು ವರ್ಷ ಹಳೆಯ ಪ್ರಶ್ನೆ. ಮೂಗಿನಕ್ಕ ಚೀಲವನ್ನು ನೆಲಕ್ಕಿಡುತ್ತಾರೆ. ಹತ್ತಿರ ಹೋಗಿ, ಅಜ್ಜನ ಹೆಗಲಿಗೆ ಮುಖ ತಾಗುವಷ್ಟು ಬಗ್ಗಿ, ಕಣ್ಣು ಮುಚ್ಚಿ, ಮೂರು ಸಲ ಉಸಿರೆಳೆದುಕೊಳ್ಳುತ್ತಾರೆ. ಕಣ್ಣು ತೆರೆದಾಗ ಅವು ತುಂಬಿರುತ್ತವೆ.

"ಬರ್ತಿದೆ ಅಜ್ಜ, ಸೋಪಿಂದು. ಅದೂ ಜಾಸ್ತಿ ಆಯ್ತು. ನಾಳೆಯಿಂದ ದಿನಕ್ಕೆ ಒಂದೇ ಸ್ನಾನ ಸಾಕು."