ಮನೆಯಲ್ಲಿ ಯಾರೂ ಇಲ್ಲದ ಹೊತ್ತು

ಆ ಕಾಲಮ್ಮು ನನ್ನದೇ ತಲೆಯಿಂದ ಬಂದದ್ದು, ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಹೆಂಗಸರು ದಿನವಿಡೀ ಮಾಡುವ, ಯಾರೂ ಕೆಲಸವೆಂದು ಎಣಿಸದ ಆರೈಕೆಯ ಬಗ್ಗೆ ನಮ್ಮ ಅಧ್ಯಯನ. ಸಾತನೂರಿನಾಚೆಯ ಒಂದು ಊರಿನ ಹನ್ನೆರಡು ಹೆಂಗಸರಿಗೆ ಒಂದೊಂದು ನೋಟ್‌ಬುಕ್ ಕೊಟ್ಟಿದ್ದೆ. ಎಷ್ಟು ಗಂಟೆಗೆ ಏನು ಕೆಲಸ, ಯಾರ ಜೊತೆ ಅಂತ ಬರೆಯಬೇಕು. ಕೊನೆಯ ಕಾಲಮ್ಮು ನಾನು ಸೇರಿಸಿದ ಪ್ರಶ್ನೆ: ‘ನೀವು ಹೊರಗಿರುವಾಗ ಮನೆಯಲ್ಲಿರುವವರನ್ನು ಯಾರು ನೋಡಿಕೊಳ್ಳುತ್ತಾರೆ?’ ಅಧ್ಯಯನ ನಡೆಸುತ್ತಿದ್ದ ನಮ್ಮ ಕಾಲೇಜಿನ ಮೇಷ್ಟ್ರು ಓದಿ ಶಹಬ್ಬಾಸ್ ಅಂದಿದ್ದರು. ರಾಮನಗರದ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಮನೆಗೆ ಹೋಗಿದ್ದೆ. ನನ್ನ ಜಂಬಕ್ಕೆ ಬೆಂಕಿ ಬೀಳ!

ಆ ಹನ್ನೆರಡು ಜನರಲ್ಲಿ ಒಬ್ಬರನ್ನು ನಾನು ಅಕ್ಕ ಅನ್ನುತ್ತಿದ್ದೆ. ಸುಳ್ಳು ಬರೆಯಲು ಬಾರದ ಹೆಂಗಸು. ಗಂಡ ಕುಡಿದೂ ಕುಡಿದೂ ತೀರಿಹೋಗಿದ್ದರು. ನಡುಮನೆಯ ಮಂಚದಲ್ಲಿ ಲಕ್ವ ಹೊಡೆದು ಮಾತು ನಿಂತ ಅತ್ತೆ, ಹಿಂದಿನ ಕೋಣೆಯಲ್ಲಿ ರೇಷ್ಮೆ ಹುಳ. ಊರಿನ ಪೆಟ್ಟಿಗೆ ಅಂಗಡಿಯಲ್ಲಿ ಕದ್ದು ಮಾರುವ ಎಣ್ಣೆ ಪ್ಯಾಕೆಟ್ಟು ನಿಲ್ಲಿಸಬೇಕೆಂದು ಹೆಂಗಸರನ್ನೆಲ್ಲ ಸೇರಿಸಿ ಸಂಘ ಕಟ್ಟಿದ್ದೂ ಇವರೇ. ಸೋಮವಾರ ಎಲ್ಲರೂ ಕನಕಪುರಕ್ಕೆ ಹೋಗಿ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡುವುದೆಂದು ಗುಟ್ಟಾಗಿ ಮಾತಾಗಿತ್ತು.

“ಈ ಸಲ ಹುಳ ಚೆಂದಾಗಿ ಎದ್ದವೆ. ಇನ್ನೊಂದು ವಾರಕ್ಕೆ ಗೂಡು ಕಟ್ತವೆ. ಮಗಳನ್ನ ನರ್ಸಿಂಗ್‌ಗೆ ಸೇರಿಸ್ಬುಡ್ತೀನಿ ಕಣವ್ವ,” ಅನ್ನುತ್ತಿದ್ದರು. ಮಗಳು ಚನ್ನಪಟ್ಟಣದ ಹಾಸ್ಟೆಲಿನಲ್ಲಿದ್ದಳು. ನಾನೊಮ್ಮೆ ಹುಳ ನೋಡುತ್ತೇನೆ ಅಂದರೆ, “ಸಿಟಿ ಗಾಳಿ ತಂದ್ಬುಟ್ಟೀಯ, ಆಚೇಲೇ ಕೂತ್ಕೊ,” ಅಂತ ಗದರುತ್ತಿದ್ದರು. ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಮನೆಯವರೂ ಚಪ್ಪಲಿ ಬಿಟ್ಟು, ಹೊಸಿಲಿನಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಇಲ್ಲದಿದ್ದರೆ ಹುಳಕ್ಕೆ ರೋಗ ಅಂಟುತ್ತದೆ. ಈ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಅದು ಗೊತ್ತು.

ಶುಕ್ರವಾರ ನಾನು ನೋಟ್‌ಬುಕ್ಕುಗಳನ್ನು ಮನೆಮನೆಗೆ ಹೋಗಿ ತರಬೇಕಿತ್ತು. ಬಸ್ ತಪ್ಪುತ್ತದೆಂಬ ಗಡಿಬಿಡಿಯಲ್ಲಿ, ಸಂಜೆ ಹಾಲು ಹಾಕಲು ಬರುವಾಗ ಹಾಲಿನ ಡೈರಿಯಲ್ಲಿ ಕೊಟ್ಟುಬಿಡಿ ಅಂದೆ. ಲಗ್ನಪತ್ರಿಕೆಯಿಂದ ಹಿಡಿದು ಬಿಪಿ ಮಾತ್ರೆಯವರೆಗೆ ಆ ಊರಿನಲ್ಲಿ ಎಲ್ಲವೂ ಡೈರಿಯಲ್ಲೇ ಕೈ ಬದಲಾಗುವುದು. ಡೈರಿಯ ಸೆಕ್ರೆಟರಿ ನಯವಾದ ಮನುಷ್ಯ. “ಇರ್ಲಿ ಬುಡಿ ಮೇಡಂ, ನಾನಿಲ್ವಾ,” ಅಂದ. ಪೆಟ್ಟಿಗೆ ಅಂಗಡಿ ಅವನ ತಮ್ಮನದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಕೈಗೆ ಬಿಟ್ಟೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ.

ಭಾನುವಾರ ಡೈರಿಗೆ ಹೋದಾಗ ನೋಟ್‌ಬುಕ್ಕುಗಳ ಕಟ್ಟಿನಲ್ಲಿ ಅಕ್ಕನ ನೋಟ್‌ಬುಕ್ಕೇ ಮೇಲಿತ್ತು. ಒಂದು ಹಾಳೆಯ ಮೂಲೆ ಯಾರೋ ಮಡಚಿದ್ದರು. ನಿಂತಲ್ಲೇ ಓದಿದೆ. ‘ದಿನಾ ಸಂಜೆ ಐದೂವರೆಯಿಂದ ಆರೂಕಾಲು, ಡೈರಿಗೆ. ಅತ್ತೆಯನ್ನು ನೋಡಿಕೊಳ್ಳುವವರು: ಯಾರೂ ಇಲ್ಲ.’ ಅದರ ಕೆಳಗೆ, ‘ಸೋಮವಾರ ಒಂಬತ್ತರಿಂದ ಎರಡೂವರೆ, ಸಂಘದವರ ಜೊತೆ ಕನಕಪುರ. ಅತ್ತೆಯನ್ನು ನೋಡಿಕೊಳ್ಳುವವರು: ಯಾರೂ ಇಲ್ಲ.’ ಇನ್ನೂ ಆಗದ್ದನ್ನೂ ಬರೆದಿಟ್ಟಿದ್ದರು ಪುಣ್ಯಾತ್ಗಿತ್ತಿ. ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ. ಅಕ್ಕನ ಮನೆಗೆ ಓಡಿದೆ.

ಅಕ್ಕ ಜಗಲಿಯ ಮೇಲೆ ಕೂತಿದ್ದರು. “ಒಳೀಕೆ ಹೋಗಿ ನೋಡು. ಇನ್ಯಾವ ರೋಗ ಅಂಟಬೇಕು,” ಅಂದರು. ಹುಳಗಳೆಲ್ಲ ಹಸಿರು ಕಕ್ಕಿ ಸತ್ತು ಬಿದ್ದಿದ್ದವು. ಟೊಮೇಟೊಗೆ ಹೊಡೆಯುವ ಔಷಧಿಯ ವಾಸನೆ ಮೂಗಿಗೆ ಅಡರಿತು. ನಿನ್ನೆ ಸಂಜೆ ಅವರು ಹಾಲು ಹಾಕಿ ಬರುವಷ್ಟರಲ್ಲಿ ಮುಗಿದಿತ್ತಂತೆ. ಹೊಸಿಲಿನ ಸುಣ್ಣದಲ್ಲಿ ಗಂಡಸಿನ ಬರಿಗಾಲಿನ ಗುರುತಿತ್ತು. ಕೊಲ್ಲಲು ಬಂದವನು ಚಪ್ಪಲಿ ಬಿಟ್ಟು, ಸುಣ್ಣ ತುಳಿದು ಒಳಗೆ ಹೋಗಿದ್ದ! ಆ ಬಿಳಿ ಹೆಜ್ಜೆಗಳು ಅಲ್ಲಿಂದ ನಡುಮನೆಗೆ, ಮಂಚದವರೆಗೂ ಬಂದಿದ್ದವು.

“ಅತ್ತೆ ಸೆಕೆ ತಡಿಯಕಿಲ್ಲ, ನಾನು ಸೊಂಟದ ಮ್ಯಾಲೆ ಹೊದ್ಸಲ್ಲ. ಬಂದು ನೋಡ್ತೀನಿ, ಕುತ್ಗೆಗಂಟ ಹೊದಿಕೆ ಎಳ್ದವ್ನೆ,” ಅಂದರು ಅಕ್ಕ. ಅತ್ತೆಯ ಹೊದಿಕೆ ಸರಿಮಾಡುತ್ತಾ, “ಇನ್ನೊಸಿ ಮ್ಯಾಕೆ ಎಳೀಲಿಲ್ವಲ್ಲ, ದ್ಯಾವ್ರು ದೊಡ್ಡೋನು,” ಅಂದರು.

ಮಡಚಿದ ಹಾಳೆ ತೋರಿಸಿ, ತಪ್ಪು ನನ್ನದು ಅಂತ ಗೊಳೋ ಎಂದೆ. ಅವರು ನನ್ನನ್ನು ಬೈಯಲೇ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಸುಮ್ಕಿರು. ಅತ್ರೆ ಹುಳ ಎದ್ದು ಬತ್ತವಾ?” ಅಂದರು. ಅಷ್ಟರಲ್ಲಿ ಸಂಘದ ಹೆಂಗಸರು ಒಬ್ಬೊಬ್ಬರಾಗಿ ಬಂದು ನಾಳೆ ಆಗಲ್ಲ ಅಂದು ಹೋದರು. ಒಬ್ಬರ ಮನೆಯಲ್ಲಿ ಬಾಣಂತಿ, ಇನ್ನೊಬ್ಬರ ಮಾವನಿಗೆ ಜ್ವರ. ಸುಳ್ಳೆಂದು ಹೇಳಲಿಕ್ಕಾಗುವುದಿಲ್ಲ. ಅವೆಲ್ಲ ನನ್ನ ನೋಟ್‌ಬುಕ್ಕುಗಳಲ್ಲಿಯೇ ಇದ್ದವು.

“ನಾನೊಬ್ಳೇ ಹೊಯ್ತೀನಿ,” ಅಂದರು ಅಕ್ಕ. “ನೀನು ಅತ್ತೆ ತಾವ ಕೂತ್ಕೊ. ಅಷ್ಟು ಮಾಡು ಸಾಕು.”

ಸೋಮವಾರ ಅವರು ಒಂಬತ್ತರ ಬಸ್ಸಿಗೆ ಹೋದರು. ನಾನು ಮಂಚದ ಪಕ್ಕ ಕೂತು ಅಜ್ಜಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಹತ್ತು ಗಂಟೆಯಿರಬೇಕು, ಹೊರಗೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಬಾಗಿಲು ತಳ್ಳಿಕೊಂಡು ಡೈರಿಯ ಸೆಕ್ರೆಟರಿ ಬಂದ. ನನ್ನನ್ನು ಕಂಡು ನಿಂತ. ಆಮೇಲೆ ನಕ್ಕ.

“ಓ, ಮೇಡಮ್ಮೋರು! ಈ ಹೊತ್ನಲ್ಲಿ ಯಾರೂ ಇರಕಿಲ್ಲ ಅಂತ ಇತ್ತಲ್ಲ?”

“ದೊಡ್ಡವ್ವನ್ನ ಒಸಿ ನೋಡ್ಕೊಂಡ್ ಹೋಗವ ಅಂತ ಬಂದೆ,” ಅನ್ನುತ್ತಾ ಅವನು ಮಂಚದ ಬಳಿ ಬಂದು ಬಗ್ಗಿದ. ಸೊಂಟದಲ್ಲಿದ್ದ ಹೊದಿಕೆಯನ್ನು ಮೆಲ್ಲಗೆ, ಮಗನ ಹಾಗೆ, ಅಜ್ಜಿಯ ಕುತ್ತಿಗೆಯವರೆಗೆ ಎಳೆದ. ಅಜ್ಜಿಯ ಸರಿಯಿದ್ದ ಒಂದು ಕೈ ನನ್ನ ಬೆರಳನ್ನು ಹುಡುಕಿ ಬಿಗಿಯಾಗಿ ಹಿಡಿಯಿತು.

ಅವನು ಹೋಗುವವನಂತೆ ಬಾಗಿಲವರೆಗೆ ನಡೆದು ತಿರುಗಿದ.

“ಅಕ್ಕ ಎರಡೂವರೆಗೆ ತಾನೆ ಬರೋದು?” ಅಂದ.

ಅದನ್ನೂ ಬರೆಸಿದ್ದು ನಾನೇ.